ಹರವಿ ತುಂಬ ನೀರು

ದುಧನಿಯ ಅಡತ್ ಬಜಾರದ ಮೂಲ್ಯಾಗ,
ತೊಗರಿ ಚೀಲದ ಲಾರಿಗೋಳು ಹೊಳ್ಳೂ ಜಾಗಾದಾಗ
ನಂದೊಂದು ಪಾನಪಟ್ಟಿ.
ಮ್ಯಾಲಿನ ಬೋರ್ಡು ಮರಾಠಿ, ಒಳಗಿನ ಬೈಗುಳ ಕನ್ನಡ,
ಉದ್ರಿ ಮಾತ್ರ ಎರಡೂ ಭಾಷಾದಾಗ ನಡೀತದ.

ನನ್ನ ಎಡಗಣ್ಣಿನ್ಯಾಗ ಒಂದು ಬಿಳಿ ಅದ,
ಹಾಲಿನ ಮ್ಯಾಲ ಕೆನಿ ಕಟ್ಟಿದಂಗ.
ಗುರುತಿನ ಗಿರಾಕಿ ಬಲಕ್ಕ ನಿಂತು ಮಾತಾಡ್ತಾರ.
ಎಡಕ್ಕ ನಿಂತವರು ಹೊಸಬರು,
ಇಲ್ಲಾ ಹಳೇ ಬಾಕಿಯವರು.

ಆವತ್ತು ಮಂಗಳವಾರ, ಬಿಸಲು ನೆತ್ತಿಗೆ ಬಂದಿತ್ತು.
ತೂಕದ ಕಟ್ಟಿ ಕಸಾ ಹೊಡಿಯೂ ಮಹಾನಂದಾನ ಮಗಳು
ಜಗದೇವಿ, ಐದು ತುಂಬಿಲ್ಲ,
ಸುಣ್ಣದ ಟ್ಯೂಬು ಅವಳ ಕೈಯಾಗ ಹ್ಯಾಂಗ ಬಂತೋ.
ಮುಚ್ಚಳ ಬಿಗಿ ಇತ್ತು. ಹಲ್ಲಿಲೆ ಕಚ್ಚಿ ಹಿಚುಕಿದ್ಲು.
ಪಚ್ ಅಂತ ಒಂದು ಸಪ್ಪಳ.
ಆಮ್ಯಾಲ ಆ ಕೂಗು.
ಆ ಕೂಗು ನನಗ ಗೊತ್ತಿತ್ತು,
ನಲವತ್ತೊಂದು ವರ್ಷ ಅದು ನನ್ನ ಬಾಯಾಗೇ ಇತ್ತು.

ಮಂದಿ ಕೂಡಿದ್ರು. ಮಂದಿ ಔಷಧ ಯಾವಾಗಲೂ ನಾಲಗಿ ಮ್ಯಾಲೇ.
"ತುಪ್ಪಾ ಬಿಡ್ರಿ, ತುಪ್ಪಾ."
"ಹಡದಾಕಿ ಹಾಲು ತರ್ರಿ, ತಂಪು."
"ಸೆರಗು ಊದಿ ಕಾವು ಕೊಡವಾ."
"ಚೋಳ್ ಚೋಳ್, ನಿಘೇಲ್" ಅಂದ ಲಾರಿ ಡ್ರೈವರ್.
ಚೋಳೂ ನಕೋ! ತಿಕ್ಕಬ್ಯಾಡ!
ಎರಡೂ ಭಾಷಾ ಒಮ್ಮೇಲೆ ಗಂಟಲಕ್ಕ ಬಂದು ಹಾಯ್ದಾಡಿದ್ವು.

ಸುಣ್ಣಕ್ಕ ತುಪ್ಪದ ಮರ್ಯಾದಿ ಇಲ್ಲ, ಹಾಲಿನ ಋಣ ಇಲ್ಲ.
ನಿಂತಷ್ಟು ಹೊತ್ತು ಸುಡ್ತದ, ಒಳಗ ಒಳಗ ಇಳೀತದ.
ಹೊರಗ ಹಾಕಬೇಕಂದ್ರ ನೀರು.
ಮತ್ತ ನೀರು. ಮತ್ತೂ ನೀರು.

ನೀರಂದ್ರ,
ನಳ ಬರೂದು ಎಂಟು ದಿನಕ್ಕೊಮ್ಮೆ, ಆವತ್ತು ಆರನೇ ದಿನ.
ಎಲಿ ನೆನೆಸೂ ಬಕೀಟು ಇತ್ತು, ಅದು ಹೊಲಸು, ಬ್ಯಾಡ.
ಎದುರಿನ ಚಹಾದ ಅಂಗಡಿ ಗೈಬೀಸಾಬನ ಕುಡಿಯೂ ನೀರು
ಎರಡು ಕೊಡ, ಕೇಳದೇ ಎತ್ತಿದೆ.
ಅಂವ ಬಾಯಿ ತೆರದ,
ಹುಡುಗೀನ ನೋಡಿ ಮುಚ್ಚಿದ.
ಮೂರನೇದು ತಾನೇ ತಂದ.

ಕಟ್ಟಿ ಮ್ಯಾಲ ಮಲಗಿಸಿ
ಸುಟ್ಟ ಕಣ್ಣು ಕೆಳಗ ಬರೂಹಂಗ ತಲಿ ವಾರಿ ಮಾಡಿ
(ಛಲೋ ಕಣ್ಣಿಗೆ ಒಂದು ಹನೀನೂ ಹರೀಬಾರದು)
ಮೂಗಿನ ಕಡಿಂದ ಕಿವಿ ಕಡೆ, ಸಣ್ಣ ಧಾರಿ.
ಮಹಾನಂದಾನ ಕೈ ನಡಗ್ಲತ್ತಿತ್ತು.
"ರೆಪ್ಪಿ ಅಗಲಸಕ್ಕಾ. ಅಳಲಿ, ಒದೀಲಿ, ನೀ ಬಿಡಬ್ಯಾಡ."
ರೆಪ್ಪಿ ಸಂದ್ಯಾಗ ಕುಂತ ಬಿಳಿ ತುಣುಕು
ಒದ್ದಿ ಅರಿವಿ ತುದೀಲೆ ಮೆಲ್ಲಕ ತಗದೆ.
ಮತ್ತ ನೀರು.
ಗಡಿಯಾರ ಯಾರು ನೋಡ್ತಾರ?
ಸೊಲ್ಲಾಪುರ ಕಡೆ ಒಂದು ಮಾಲಗಾಡಿ ಹೋತು,
ವಾಡಿ ಕಡೆದ ಪ್ಯಾಸೆಂಜರ್ ಬಂತು, ನಿಂತು, ಹೋತು.
ಅರ್ಧಾ ತಾಸು ಆಗಿರಬೇಕು. ಅಲ್ಲೀತನ ಹಾಕಿದೆ.

ಆಮ್ಯಾಲ ಟಮಟಮ್, ಅಕ್ಕಲಕೋಟ ದವಾಖಾನಿ,
ಹಾದಿ ತುಂಬ ಬಾಟ್ಲಿ ನೀರು ಬಿಡಕೋತ.
ಡಾಕ್ಟರ್ ಬಾಯಿ ಲೈಟು ಹಿಡಿದು ನೋಡಿ ನೋಡಿ
ಯಾರು ತೊಳದವರು ಅಂತ ಕೇಳಿದ್ಲು.
ನಾ ಗ್ವಾಡಿ ಕಡೆ ಮಾರಿ ಮಾಡಿ ನಿಂತಿದ್ದೆ.

ಟ್ಯೂಬುಗೋಳು ಈಗ ಮ್ಯಾಲಿನ ಫಳಿ ಮ್ಯಾಲ.
ಮಾರೂದು ಬಿಟ್ಟಿಲ್ಲ. ಹೊಟ್ಟಿ ಅದ.
ಗೈಬೀಸಾಬನ ಮೂರು ಕೊಡ ನೀರಿನ ಲೆಕ್ಕ ಇನ್ನೂ ಮುಗದಿಲ್ಲ,
ದಿನಾ ಒಂದು ಪಾನ ಪುಕಟ್ ತಿಂತಾನ, ಸುಣ್ಣ ಕಮ್ಮಿ ಅಂತಾನ.

ನಮ್ಮವ್ವನೂ ಹಂಗೇ ಓಡಿದ್ಲು ನನ್ನ ಎತಗೊಂಡು,
ಅಂಗಳದಿಂದ ಅಡಗಿ ಮನಿಗೆ.
ಹಬ್ಬಕ್ಕಂತ ಇಟ್ಟ ತುಪ್ಪಾ
ತಳಾ ಒರಸಿ ಬಿಟ್ಟಳು ನನ್ನ ಕಣ್ಣಿಗೆ.
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ಲು,
"ಯಾರದೋ ದೃಷ್ಟಿ ತಾಗ್ಯಾದ ನನ್ನ ಕೂಸಿಗೆ."
ಸಾಯೂತನಾ ಹಂಗೇ ತಿಳಕೊಂಡಿದ್ಲು,
ಆ ಯಾರನ್ನೋ ಬೈಕೋತ.
ನಾ ಹೇಳಲಿಲ್ಲ. ಏನಂತ ಹೇಳಲಿ,
ಅವಳ ಬೆನ್ನ ಹಿಂದ, ಬಚ್ಚಲ ಮೂಲ್ಯಾಗ
ಹರವಿ ತುಂಬ ನೀರಿತ್ತು ಅಂತ?